ಘಾಟಿನ ಮೇಲಿನ ಗೆರೆ

“ನಿಮ್ಮೂರು ಎಷ್ಟು ಸಲ ದೇಶ ಬದಲಾಯಿಸಿದೆ?”

“1871ರಿಂದ ಈಚೆಗೆ ಲೆಕ್ಕ ಹಾಕಿದ್ರೆ ನಾಲ್ಕು ಸಲ ಮಾವ. 1871ರಲ್ಲಿ ಫ್ರಾನ್ಸಿಂದ ಜರ್ಮನಿಗೆ, 1918ರಲ್ಲಿ ವಾಪಸ್ಸು ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಹಿಟ್ಲರ್ ಸೋತ ಮೇಲೆ ಪುನಃ ಫ್ರಾನ್ಸಿಗೆ. 1865ರಲ್ಲಿ ಹುಟ್ಟಿ ಎಂಬತ್ತು ವರ್ಷ ಬಾಳಿದ ಅಜ್ಜಿ ಇದ್ದಿದ್ರೆ, ಹೊಸಿಲು ದಾಟದೇನೇ ನಾಲ್ಕು ಸಲ ದೇಶ ಬದಲಾಯಿಸಿರ್ತಿದ್ಲು.”

ಹೀಗೆ ಲೆಕ್ಕ ಒಪ್ಪಿಸಿದವಳು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವಾಕೆ, ರಜೆಗೆಂದು ಹೊಸೂರಿಗೆ ಬಂದಿದ್ದಾಳೆ. ಕೇಳಿದವರು ಅವಳ ಸೋದರಮಾವ. ತಮಿಳುನಾಡಿನ ಸರ್ವೇ ಇಲಾಖೆಯಲ್ಲಿ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಎಂದು ಸುತ್ತಿ ನಿವೃತ್ತರಾದವರು. ಹುಟ್ಟೂರು ತಳಿಯ ಕಡೆ, ಮನೆಮಾತು ಕನ್ನಡ, ಕಚೇರಿಯ ಬರವಣಿಗೆಯೆಲ್ಲ ತಮಿಳು, ಸಂತೆಯಲ್ಲಿ ಚೌಕಾಸಿ ಮಾತ್ರ ತೆಲುಗು. ಈ ಸೀಮೆಯಲ್ಲಿ ಇದೇನೂ ವಿಶೇಷವಲ್ಲ.

“ನಮ್ಮ ಹೊಸೂರಿಗೆ ಅಂಥ ಕಷ್ಟ ಬರಲಿಲ್ಲ ಬಿಡಿ. ಒಂದೇ ಸಲ, 1956ರಲ್ಲಿ ಭಾಷೆವಾರು ರಾಜ್ಯ ಮಾಡಿದಾಗ,” ಅಂದಳು.

“ಅಲ್ಲೇ ಎಲ್ಲರೂ ಎಡವೋದು. 1956ರಲ್ಲಿ ಹೊಸೂರು ಇದ್ದಲ್ಲೇ ಇತ್ತಮ್ಮ. ಅಕ್ಟೋಬರ್ 31ಕ್ಕೆ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆ, ನವೆಂಬರ್ 1ಕ್ಕೂ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆ. ಆಮೇಲೆ 1965ರಲ್ಲಿ ಧರ್ಮಪುರಿ ಜಿಲ್ಲೆ ಆಯ್ತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಆಯ್ತು. ಅದೆಲ್ಲ ಮನೆಯೊಳಗಿನ ಗೋಡೆ. ಅತ್ತಿಬೆಲೆ ಹತ್ತಿರ ನೀನು ದಾಟಿ ಬಂದೆಯಲ್ಲ, ಆ ಗೆರೆ ಭಾಷೆಗೋಸ್ಕರ ಹಾಕಿದ್ದೇ ಅಲ್ಲ. ಅದು ಫಿರಂಗಿಗೋಸ್ಕರ ಹಾಕಿದ್ದು.”

ಮಾವ ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳ ಹಾಳೆ ಕಿತ್ತರು. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಎರಡು ಮೆಟ್ಟಿಲು ಬರೆದರು. ಮೇಲಿನ ಮೆಟ್ಟಿಲಿನಲ್ಲಿ ಬೆಂಗಳೂರು, ಆನೇಕಲ್, ಹೊಸೂರು. ಎಲ್ಲ ಸುಮಾರು 900 ಮೀಟರ್ ಎತ್ತರ. ಕೆಳಗಿನ ಮೆಟ್ಟಿಲಿನಲ್ಲಿ ಕೃಷ್ಣಗಿರಿ, ಐನೂರು ಮೀಟರಿನ ಆಸುಪಾಸು. ಮೇಲಿನದು ಬಾಲಾಘಾಟ್, ಕೆಳಗಿನದು ಬಾರಾಮಹಲ್ ಎಂದು ಹಳೆಯ ಕಂದಾಯ ದಫ್ತರಗಳ ಮಾತು. ಮೆಟ್ಟಿಲ ಅಂಚಿನಲ್ಲಿ ರಾಯಕೋಟೆ.

“ಈಗ ಕೇಳು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ, ಶ್ರೀರಂಗಪಟ್ಟಣದ ತನಕ ಹೋಗಿ ಅನ್ನವಿಲ್ಲದೆ ವಾಪಸ್ಸು ಬಂದ. ಮದ್ರಾಸಿಂದ ಅಕ್ಕಿ, ಮದ್ದುಗುಂಡು ಮೇಲೆ ಬರಬೇಕು ಅಂದ್ರೆ ಘಾಟಿ ಹತ್ತಬೇಕು. ಘಾಟಿಯ ಬಾಯಲ್ಲೆಲ್ಲ ಟಿಪ್ಪುವಿನ ಕೋಟೆ. ಅದಕ್ಕೇ ಅವತ್ತು ಮೊದಲು ಹೊಸೂರು ತಗೊಂಡರು, ಆಮೇಲೆ ರಾಯಕೋಟೆ. ಕೃಷ್ಣಗಿರಿ ಮಾತ್ರ ಬಗ್ಗಲಿಲ್ಲ. ಮ್ಯಾಕ್ಸ್‌ವೆಲ್ ಅನ್ನೋ ಕರ್ನಲ್ ಆ ಬೆಟ್ಟದ ಮೇಲೆ ಏರಿ ಹೋಗಿ ಪೆಟ್ಟು ತಿಂದು ಇಳಿದ.”

“1792ರ ಒಪ್ಪಂದದಲ್ಲಿ ಎಲ್ಲಾ ಹೋಯ್ತಲ್ಲ?”

“ಎಲ್ಲಾ ಎಲ್ಲಿ ಹೋಯ್ತು? ಟಿಪ್ಪು ಅರ್ಧ ರಾಜ್ಯ ಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಒಪ್ಪಿದ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಆ ಅರ್ಧದಲ್ಲಿ ಬಾರಾಮಹಲ್ ಹೋಯ್ತು. ಹೊಸೂರು ಹೋಗಲಿಲ್ಲ! ಮುಂದಿನ ಏಳು ವರ್ಷ ಗಡಿ ಇದ್ದದ್ದು ಹೊಸೂರಿಗೂ ಕೃಷ್ಣಗಿರಿಗೂ ನಡುವೆ. ಅಂದ್ರೆ ಇವತ್ತು ಒಂದೇ ಜಿಲ್ಲೆ ಆಗಿರೋ ಎರಡು ಊರು ಅವತ್ತು ಎರಡು ದೇಶ.”

ಈ ಏಳು ವರ್ಷವನ್ನು ಶಾಲೆಯ ಇತಿಹಾಸ ಪುಸ್ತಕಗಳು ಸಾಮಾನ್ಯವಾಗಿ ಎರಡು ಯುದ್ಧಗಳ ನಡುವಿನ ಖಾಲಿ ಜಾಗದಂತೆ ಹಾರಿಬಿಡುತ್ತವೆ. ಆದರೆ ಭೂಮಿಯ ಅಳತೆಯವರಿಗೆ ಅದು ಪರ್ವಕಾಲ. ಬಾರಾಮಹಲ್‌ಗೆ ಕಂಪನಿ ಕಳಿಸಿದ ಮೊದಲ ಕಲೆಕ್ಟರ್ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್. ಅವನ ಕೈಕೆಳಗಿನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ, 1792ರಿಂದ ಏಳು ವರ್ಷ ಇಲ್ಲೇ ದುಡಿದವನು. ಜಮೀನ್ದಾರನ ಕೈಗೆ ಊರು ಒಪ್ಪಿಸುವ ಬದಲು ಒಬ್ಬೊಬ್ಬ ರೈತನ ಹೊಲವನ್ನೂ ಅಳೆದು, ಅವನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಪದ್ಧತಿ ಬೇರು ಬಿಟ್ಟಿದ್ದು ಈ ಬಯಲಿನಲ್ಲಿ. ಜಾನ್ ಮ್ಯಾಥರ್ ಎಂಬಾತ ಬಾರಾಮಹಲ್‌ನ ನಕ್ಷೆ ಬರೆದ.

“ನನ್ನ ಇಲಾಖೆಯ ಮೂಲಪುರುಷರು ಅವರೇ,” ಎಂದು ಮಾವ ನಕ್ಕರು. “ಸಂಬಳ ಮಾತ್ರ ನನಗಿಂತ ಜಾಸ್ತಿ.”

“ಹಾಗಾದ್ರೆ ಹೊಸೂರು ಯಾವಾಗ ಆಚೆ ಹೋಯ್ತು?”

“1799. ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್ ಸೈನ್ಯ ರಾಯಕೋಟೆ ದಾರೀಲೇ ಮೈಸೂರು ಸೀಮೆಗೆ ನುಗ್ಗಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಜೂನ್ 22ಕ್ಕೆ ಪಾಲುಪಟ್ಟಿ ಸಹಿ ಆಯ್ತು. ಮೈಸೂರನ್ನ ಒಡೆಯರಿಗೆ ಬಿಟ್ಟುಕೊಡೋವಾಗ ಕಂಪನಿಯವರು ಒಂದು ಷರತ್ತು ನೋಡಿಕೊಂಡರು. ಘಾಟಿಗಳ ತಲೆ ಎಲ್ಲೆಲ್ಲಿದೆಯೋ, ಮೇಲಿನ ನೆಲದಲ್ಲಿ, ಅದೆಲ್ಲ ನಮ್ಮ ಕೈಯಲ್ಲೇ ಇರಬೇಕು ಅಂತ. ಇನ್ನೊಂದು ಸಲ ಮೇಲೆ ಹತ್ತೋ ಕಷ್ಟವೇ ಬೇಡ ಅಂತ. ಹೊಸೂರು ಮೇಲಿನ ಮೆಟ್ಟಿಲಲ್ಲಿದ್ದೂ ಕೆಳಗಿನ ಮೆಟ್ಟಿಲಿನ ಜಿಲ್ಲೆಗೆ ಸೇರಿದ್ದು ಹಾಗೆ.”

ಅವಳು ಪೆನ್ಸಿಲ್ ಚಿತ್ರವನ್ನೇ ನೋಡುತ್ತಿದ್ದಳು. ಬೆಂಗಳೂರಿಗೂ ಹೊಸೂರಿಗೂ ಹವೆ ಒಂದೇ, ರಾಗಿ ಒಂದೇ, ಕೆಂಪು ಮಣ್ಣು ಒಂದೇ ಯಾಕೆ, ಕೃಷ್ಣಗಿರಿ ಇಳಿದ ಕೂಡಲೇ ಸೆಖೆಯೂ ಮಾವಿನ ತೋಪೂ ಯಾಕೆ ಎಂಬುದು ಆ ಎರಡು ಗೆರೆಗಳಲ್ಲೇ ಇತ್ತು. ಈ ಮೇಲಿನ ನೆಲದ ಮೇಲೆ ಯಾರ ಹಕ್ಕು ಮೊದಲು ಎಂದು ಹುಡುಕುತ್ತ ಹೋದರೆ ಮಾತ್ರ ತಲೆ ತಿರುಗುತ್ತದೆ. 1254ರ ಸುಮಾರಿಗೆ ಹೊಯ್ಸಳ ಸೋಮೇಶ್ವರ ತನ್ನ ರಾಜ್ಯವನ್ನು ಮಕ್ಕಳಿಗೆ ಹಂಚಿದ. ನರಸಿಂಹನಿಗೆ ದೋರಸಮುದ್ರ, ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣನೂರು. ಆ ರಾಮನಾಥ ಕೊನೆಗಾಲಕ್ಕೆ ಬಂದು ಕೂತಿದ್ದು ಹೊಸೂರಿನ ಪೂರ್ವಕ್ಕಿರುವ ಕುಂದಾಣಿಯಲ್ಲಿ. ವಿಜಯನಗರದ ಕಾಲಕ್ಕೆ ಚನ್ನಪಟ್ಟಣದ ಜಗದೇವರಾಯನಿಗೆ ಬಾರಾಮಹಲ್ ಜಹಗೀರು. ಮುಂದೆ ಮೈಸೂರಿನ ಕಂಠೀರವ ನರಸರಾಜ ಒಡೆಯರ್ ಹೊಸೂರಿನ ಕಡೆಗೆ ಕೈ ಚಾಚಿದರು, ಚಿಕ್ಕದೇವರಾಜರು ಬಾರಾಮಹಲ್‌ವರೆಗೂ ಇಳಿದರು.

“ಆ ದಾರೀಲಿ ಹೋದ್ರೆ ಮುಗಿಯೋದೇ ಇಲ್ಲ ಮಾವ. ಅಲ್ಲಿಯವರೂ ಹದಿನಾಲ್ಕನೇ ಲೂಯಿ 1681ರಲ್ಲಿ ಸ್ಟ್ರಾಸ್‌ಬರ್ಗ್ ಹಿಡಿದ, ಅದಕ್ಕೂ ಮುಂಚೆ ಯಾರದ್ದು ಅಂತ ವಾದ ಮಾಡಿ ಮಾಡಿ ಮೂರು ಯುದ್ಧ ಮಾಡಿದ್ರು.”

“ಯುದ್ಧ ಆಯ್ತು ಸರಿ. ಜನ ಏನು ಮಾಡಿದ್ರು?”

ಅವಳು ಉತ್ತರಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಳು. 1942ರಲ್ಲಿ ಜರ್ಮನಿ, ಸ್ಟ್ರಾಸ್‌ಬರ್ಗ್ ಇರುವ ಅಲ್ಸೇಸ್ ಮತ್ತು ಪಕ್ಕದ ಮೋಸೆಲ್ ಸೀಮೆಯ ಗಂಡಸರನ್ನು ತನ್ನವರೇ ಎಂದು ಹೇಳಿ ಸೈನ್ಯಕ್ಕೆ ಎಳೆಯಿತು. ಸುಮಾರು 1,30,000 ಮಂದಿ. ಅವರಲ್ಲಿ ಬಹಳ ಜನರ ಅಪ್ಪಂದಿರು ಮೊದಲ ಮಹಾಯುದ್ಧದಲ್ಲೂ ಜರ್ಮನ್ ಸಮವಸ್ತ್ರದಲ್ಲೇ ಇದ್ದವರು, ನಡುವೆ ಇಪ್ಪತ್ತೆರಡು ವರ್ಷ ಫ್ರೆಂಚ್ ಪ್ರಜೆಗಳಾಗಿದ್ದವರು. ಯುದ್ಧ ಮುಗಿದ ಮೇಲೆ ಬದುಕಿ ಬಂದವರನ್ನು ಫ್ರಾನ್ಸ್ ಅನುಮಾನದಿಂದ ನೋಡಿತು.

“ಇನ್ನೊಂದು ವಿಚಿತ್ರ. ಫ್ರಾನ್ಸ್ 1905ರಲ್ಲಿ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡೋ ಕಾನೂನು ತಂತು. ಆಗ ಅಲ್ಸೇಸ್ ಜರ್ಮನಿ ಕೈಯಲ್ಲಿತ್ತು. ಅದಕ್ಕೇ ಆ ಕಾನೂನು ಇವತ್ತಿಗೂ ನಮ್ಮಲ್ಲಿ ಇಲ್ಲ. ಪಾದ್ರಿಗೆ ಸರ್ಕಾರದ ಸಂಬಳ. ಗುಡ್ ಫ್ರೈಡೇ ನಮಗೆ ರಜೆ, ಪ್ಯಾರಿಸ್‌ನವರಿಗೆ ಇಲ್ಲ.”

“ನಮ್ಮಲ್ಲೂ ಉಂಟು. ಕರ್ನಾಟಕದ ಹಳೇ ಕಾನೂನು ಪುಸ್ತಕ ತೆಗೆದರೆ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಅಂತ ಒಂದು ಮಾತು ಬರುತ್ತೆ. ಮಂಗಳೂರಿಗೂ ಕೊಳ್ಳೇಗಾಲಕ್ಕೂ ಏನು ಸಂಬಂಧ ಹೇಳು? ಎರಡೂ ಮದ್ರಾಸಿಂದ ಬಂದವು, ಅಷ್ಟೇ.”

ಕೊಳ್ಳೇಗಾಲದ ಹೆಸರು ಬಂದದ್ದೇ ಮಾತು ಬಿಸಿಯಾಯಿತು. 1953ರ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಅದರ ಹಿಂದೆಯೇ ಬಂದ ರಾಜ್ಯ ಪುನರ್ವಿಂಗಡಣೆ ಕಾಯ್ದೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಬಂತು. ದಕ್ಷಿಣ ಕನ್ನಡ ಬಂತು, ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕೊಳ್ಳೇಗಾಲದ ಪಕ್ಕದ ತಾಳವಾಡಿ ಬೇರೆ ತಾಲೂಕಿನಲ್ಲಿತ್ತು, ಹಾಗಾಗಿ ಅಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಆ ತಾಳವಾಡಿಯ ಬಗಲಲ್ಲಿ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಎಳೆದೊಯ್ದದ್ದು ತಮಿಳುನಾಡಿನ ನೆಲದಿಂದ ಎಂದು ಆವತ್ತು ಕರ್ನಾಟಕದ ಎಷ್ಟೋ ಮಂದಿಗೆ ಹೊಸದಾಗಿ ಗೊತ್ತಾಯಿತು.

“ನನ್ನ ತಕರಾರು ಅದೇ,” ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. “ಯಾರಾದ್ರೂ ಜನರನ್ನ ಕೇಳಿದ್ರಾ? ಡೆನ್ಮಾರ್ಕ್‌ಗೂ ಜರ್ಮನಿಗೂ ನಡುವೆ ಶ್ಲೆಸ್‌ವಿಗ್ ಅಂತ ಸೀಮೆ ಇದೆ. 1920ರಲ್ಲಿ ಅಲ್ಲಿ ಮತ ಹಾಕಿಸಿದ್ರು. ಸಾರ್ ಸೀಮೆಯಲ್ಲಿ 1955ರಲ್ಲಿ ಮತ ಹಾಕಿಸಿದ್ರು. ಹೆಚ್ಚಿನ ಜನ ಫ್ರಾನ್ಸ್ ಮುಂದಿಟ್ಟ ಏರ್ಪಾಡು ಬೇಡ ಅಂದ್ರು, 1957ರ ಜನವರಿ 1ಕ್ಕೆ ಸಾರ್ ಪಶ್ಚಿಮ ಜರ್ಮನಿಗೆ ಸೇರ್ತು. ನಮ್ಮ ರಾಜ್ಯಗಳು ಹುಟ್ಟಿದ ಎರಡೇ ತಿಂಗಳಿಗೆ! ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲಿಲ್ಲ?”

“ಶ್ಲೆಸ್‌ವಿಗ್‌ನಲ್ಲಿ ಮತ ಎಣಿಸಿದ್ದು ಹೇಗೆ, ಹೇಳು.”

“ಎರಡು ವಲಯ ಮಾಡಿದ್ರು. ಉತ್ತರದ ವಲಯದಲ್ಲಿ ಫೆಬ್ರವರಿ 10ರಂದು ಮತ, ಅಷ್ಟೂ ಒಟ್ಟಿಗೆ ಎಣಿಕೆ. ನೂರಕ್ಕೆ ಎಪ್ಪತ್ತೈದು ಡೆನ್ಮಾರ್ಕ್‌ಗೆ. ದಕ್ಷಿಣದ್ದರಲ್ಲಿ ಮಾರ್ಚ್ 14ರಂದು ಮತ, ಅಲ್ಲಿ ಊರೂರಿನ ಲೆಕ್ಕ ಬೇರೆ ಬೇರೆ. ನೂರಕ್ಕೆ ಎಂಬತ್ತು ಜರ್ಮನಿಗೆ.”

“ಉತ್ತರದಲ್ಲಿ ಜರ್ಮನಿಗೆ ಬಹುಮತ ಕೊಟ್ಟ ಊರೇ ಇರಲಿಲ್ವಾ?”

“...ಇತ್ತು. ಟೋಂಡರ್ ಅಂತ ಒಂದು ಪಟ್ಟಣ. ಜರ್ಮನಿಗೇ ಬಹುಮತ ಕೊಟ್ಟಿತ್ತು. ಆದ್ರೂ ಡೆನ್ಮಾರ್ಕ್‌ಗೆ ಹೋಯ್ತು.”

“ನೋಡಿದ್ಯಾ? ಮತ ಹಾಕಿದವನಿಗಿಂತ ಮೊದಲೇ ಯೂನಿಟ್ ತೀರ್ಮಾನ ಮಾಡಿದವನು ಗೆದ್ದಿರ್ತಾನೆ. ಜಿಲ್ಲೆಯೋ, ತಾಲೂಕೋ, ಹಳ್ಳಿಯೋ? ಹೊಸೂರು ತಾಲೂಕಿನಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ಕಲಸಿಹೋಗಿವೆ. ತಾಲೂಕು ಯೂನಿಟ್ ಅಂದ್ರೆ ಒಂದು ಉತ್ತರ, ಹಳ್ಳಿ ಯೂನಿಟ್ ಅಂದ್ರೆ ತಳಿ ಕಡೆ ಒಂದು, ಬಾಗಲೂರು ಕಡೆ ಒಂದು, ಕೃಷ್ಣಗಿರಿ ಕಡೆ ಇನ್ನೊಂದು.”

ಹಳ್ಳಿಯನ್ನೇ ಯೂನಿಟ್ ಮಾಡಿದ ಪ್ರಯೋಗ ಪಕ್ಕದಲ್ಲೇ ನಡೆದಿದೆ. ಆಂಧ್ರ ಮತ್ತು ಮದ್ರಾಸಿನ ಜಗಳ ಬಿಡಿಸಲು ಬಂದ ಪಾಟಸ್ಕರ್ ಭಾಷೆಯ ಬಹುಮತ, ನೆಲದ ಹೊಂದಿಕೆ, ಹಳ್ಳಿಯ ಲೆಕ್ಕ ಎಂಬ ಸೂತ್ರ ಹಿಡಿದರು. 1959ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 1960ರ ಏಪ್ರಿಲ್ 1ರಿಂದ ಚಿತ್ತೂರಿನ ತಿರುತ್ತಣಿ, ಪಳ್ಳಿಪಟ್ಟು ಮದ್ರಾಸಿಗೆ ಬಂದವು. ಬದಲಿಗೆ ಚೆಂಗಲ್ಪಟ್ಟು ಮತ್ತು ಸೇಲಂ ಜಿಲ್ಲೆಗಳ ಕೆಲವು ಹಳ್ಳಿಗಳು ಆಂಧ್ರಕ್ಕೆ ಹೋದವು. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ 2018ರ ಜನವರಿ 1ರಂದು ಮ್ಯೂಸ್ ನದಿಯ ದಂಡೆಯಲ್ಲಿ ಇಂಥದೇ ಕೊಡುಕೊಳ್ಳುವಿಕೆ ಮಾಡಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಕೊಂಡಾಡಿದವು. ಅಲ್ಲಿ ಕೈಬದಲಾದ ನೆಲದಲ್ಲಿ ಜನವಸತಿಯೇ ಇರಲಿಲ್ಲ. ಜನ ತುಂಬಿದ ತಾಲೂಕುಗಳನ್ನೇ ಅದಲು ಬದಲು ಮಾಡಿದ ನಮ್ಮ 1960ರ ಕೆಲಸಕ್ಕೆ ಅಂಥ ಹೊಗಳಿಕೆ ಸಿಗಲಿಲ್ಲ ಎನ್ನುವುದು ಸ್ವಲ್ಪ ಅನ್ಯಾಯವೇ.

“ಹಳ್ಳಿ ಯೂನಿಟ್ಟೂ ಪೂರ್ತಿ ಸರಿ ಅಲ್ಲ ಅಂತೀರಾ?”

“ಹಳ್ಳಿಯೊಳಗೆ ಬೀದಿ ಇಲ್ವಾ? ರೆಡ್ಡಿಗಳ ಬೀದಿ ತೆಲುಗು, ಲಿಂಗಾಯತರ ಬೀದಿ ಕನ್ನಡ, ಅದರಾಚೆ ತಮಿಳು. ಬೀದಿ ಯೂನಿಟ್ ಮಾಡೋಣ್ವಾ?”

“ಬಾರ್ಲೆ ಅಂತ ಒಂದು ಊರಿದೆ ಮಾವ, ಅಲ್ಲಿ ಬೀದಿಯನ್ನೂ ದಾಟಿ ಮನೆಯೊಳಗೇ ಹೋಗಿದ್ದಾರೆ. ನೆದರ್ಲೆಂಡ್ಸ್ ಒಳಗೆ ಬೆಲ್ಜಿಯಂನ ಇಪ್ಪತ್ತೆರಡು ತುಂಡು. ಫುಟ್‌ಪಾತ್ ಮೇಲೆ ಗಡಿ ಗುರುತು ಬರೆದಿದ್ದಾರೆ. ಮನೆ ನಡುವೆ ಗೆರೆ ಹಾದುಹೋದ್ರೆ ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು.”

ಸರ್ವೇಯರಿಗೆ ಇದು ಬಹಳ ಹಿಡಿಸಿತು. ತಾವು ಕಂಡಿದ್ದನ್ನೂ ಹೇಳಿದರು. ಗಡಿಯ ಎರಡೂ ಕಡೆ ಜಮೀನಿರುವ ಕುಟುಂಬಗಳು ಇಲ್ಲಿ ಬೇಕಾದಷ್ಟು. ಈಚೆ ಹೊಲಕ್ಕೆ ಪಟ್ಟಾ, ಚಿಟ್ಟಾ, ಅಡಂಗಲ್. ನಕ್ಷೆ ಬೇಕೆಂದರೆ ಎಫ್‌ಎಂಬಿ. ಆಚೆ ಹೊಲಕ್ಕೆ ಪಹಣಿ, ಟಿಪ್ಪಣಿ, ಆಕಾರ್‌ಬಂದ್. ಈಚೆ ಎಕರೆಗೆ ನೂರು ಸೆಂಟು, ಆಚೆ ಎಕರೆಗೆ ನಲವತ್ತು ಗುಂಟೆ. ಅಣ್ಣತಮ್ಮಂದಿರು ಪಾಲಿಗೆ ಕೂತಾಗ ಒಬ್ಬ ಹಿರಿಯ ಗುಂಟೆಯನ್ನು ಎರಡೂವರೆಯಿಂದ ಗುಣಿಸುತ್ತ ಕೂರಬೇಕು. ಆಚೆಗೆ ಹಿಸ್ಸಾ ಮಾಡಿಸಲು ಆನೇಕಲ್ಲಿಗೆ ಅರ್ಜಿ, ಈಚೆಗೆ ಸಬ್‌ಡಿವಿಷನ್ ಮಾಡಿಸಲು ಡೆಂಕಣಿಕೋಟೆಗೆ ಅರ್ಜಿ. ಬದು ಮಾತ್ರ ಒಂದೇ.

“ಕಲ್ಲು ಕಿತ್ತು ಈಚೆಗೆ ಹಾಕೋರು ಇಲ್ವಾ?”

“ಇಲ್ಲದೆ? ಸರ್ವೇಯರ್‌ನ ಅನ್ನವೇ ಅದು.”

“ಅಲ್ಲೂ ಇದ್ದಾರೆ. 2021ರಲ್ಲಿ ಬೆಲ್ಜಿಯಂನ ಒಬ್ಬ ರೈತ ಟ್ರ್ಯಾಕ್ಟರ್‌ಗೆ ಅಡ್ಡ ಅಂತ 1819ರ ಗಡಿಕಲ್ಲನ್ನ ಎತ್ತಿ ಆ ಕಡೆ ಇಟ್ಟುಬಿಟ್ಟ. ಬೆಲ್ಜಿಯಂ 2.29 ಮೀಟರ್ ದೊಡ್ಡದಾಯ್ತು, ಫ್ರಾನ್ಸ್ ಅಷ್ಟು ಚಿಕ್ಕದಾಯ್ತು. ಎರಡೂ ಊರಿನ ಮೇಯರ್‌ಗಳು ನಕ್ಕು, ಕಲ್ಲು ವಾಪಸ್ಸು ಇಡಪ್ಪಾ ಅಂದ್ರು.”

“ನಕ್ಕರಾ!” ಮಾವನಿಗೆ ಅದೇ ಆಶ್ಚರ್ಯ. ನೂರು ವರ್ಷದ ಹಿಂದೆ ಅದೇ ಗಡಿಯ ಆಸುಪಾಸಿನಲ್ಲಿ ಲಕ್ಷಗಟ್ಟಲೆ ಜನ ಕಂದಕಗಳಲ್ಲಿ ಸತ್ತರು ಎಂಬುದು ಅವರಿಗೆ ಗೊತ್ತಿತ್ತು.

ಆ ನಗುವಿಗೆ ಯುರೋಪು ತೆತ್ತ ಬೆಲೆಯನ್ನು ಅವಳು ಮರೆಮಾಚಲಿಲ್ಲ. 1945ರಲ್ಲಿ ಪೋಲೆಂಡನ್ನು ಹಿಡಿದು ಪಶ್ಚಿಮಕ್ಕೆ ಸರಿಸಲಾಯಿತು. ಪೂರ್ವದ ಲ್ವೂಫ್ ನಗರ ಸೋವಿಯತ್ ಉಕ್ರೇನಿಗೆ ಹೋಗಿ ಲ್ವಿವ್ ಆಯಿತು. ಪಶ್ಚಿಮದ ಜರ್ಮನ್ ನಗರ ಬ್ರೆಸ್ಲಾವ್ ಪೋಲೆಂಡಿಗೆ ಬಂದು ವ್ರೋತ್ಸ್ವಾಫ್ ಆಯಿತು. ಅಲ್ಲಿದ್ದ ಜರ್ಮನರನ್ನು ಹೊರಹಾಕಿದರು, ಲ್ವೂಫಿನ ಪೋಲರನ್ನು ರೈಲಿಗೆ ಹತ್ತಿಸಿ ತಂದರು. ವಿಶ್ವವಿದ್ಯಾಲಯದ ಮೇಷ್ಟರುಗಳು ಬಂದರು, ಗ್ರಂಥಾಲಯದ ಪುಸ್ತಕಗಳು ಬಂದವು, ರಾಟ್ಸ್‌ವಾವಿಟ್ಸೆ ಯುದ್ಧದ ದೈತ್ಯ ವರ್ಣಚಿತ್ರವೂ ಸುರುಳಿಯಾಗಿ ಬಂತು. ಅದು ಮತ್ತೆ ಜನರ ಕಣ್ಣಿಗೆ ಬೀಳಲು 1985 ಆಗಬೇಕಾಯಿತು.

“ಇಲ್ಲಿ ಗೆರೆ ಬಂದಾಗ ಯಾರೂ ಗಂಟುಮೂಟೆ ಕಟ್ಟಲಿಲ್ಲ,” ಮಾವ ಹೇಳಿದರು. “ತೊರಪಳ್ಳಿ ಗೊತ್ತಲ್ಲ, ಹೊಸೂರಿನ ಪಕ್ಕ. 1878ರಲ್ಲಿ ರಾಜಾಜಿ ಹುಟ್ಟಿದ ಊರು. ಬೇರಿಗೆ ಕಡೆಯಿಂದ ಗಡಿ ದಾಟಿದರೆ ಮಾಲೂರು ತಾಲೂಕಿನ ಮಾಸ್ತಿ, ಕತೆಗಾರ ಮಾಸ್ತಿಯವರ ಊರು. ಎರಡೂ ಮನೆಯಲ್ಲಿ ಅಯ್ಯಂಗಾರ್ ತಮಿಳು. ರಾಜಾಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದಿ ಮದ್ರಾಸಿನ ಮುಖ್ಯಮಂತ್ರಿ ಆದರು. ಮಾಸ್ತಿಯವರು ಮದ್ರಾಸಲ್ಲಿ ಎಂ.ಎ. ಓದಿ ಮೈಸೂರು ಸರ್ಕಾರದ ಅಧಿಕಾರಿ ಆದರು, ಕನ್ನಡದ ಸಣ್ಣಕತೆಗೆ ಯಜಮಾನರಾದರು, 1983ರ ಜ್ಞಾನಪೀಠ ತಂದರು. ಗೆರೆ ಅವರ ಕಾಲಿಗೆ ತೊಡರಿದ್ದೇ ಇಲ್ಲ.”

“ಮಾಸ್ತಿಯವರ ಕಾಲಕ್ಕೆ ತೊಡರಲಿಲ್ಲ ಸರಿ. ಈಗ ತಳಿ ಕಡೆಯ ಮಕ್ಕಳಿಗೆ?”

ಮಾವನ ದನಿ ಇಳಿಯಿತು. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ವರ್ಷಕ್ಕೊಂದು ತರಗತಿಯಂತೆ ಏರಿ 2015-16ರ ಹೊತ್ತಿಗೆ ಅದು ಎಸ್‌ಎಸ್‌ಎಲ್‌ಸಿಗೆ ಮುಟ್ಟಿತು. ಕನ್ನಡ, ತೆಲುಗು, ಉರ್ದು ಶಾಲೆಗಳ ಕಡೆಯವರು ಕೋರ್ಟಿಗೆ ಹೋದರು. ವಿನಾಯಿತಿ ಸಿಕ್ಕಿತು, ಅದು ಮುಗಿಯಿತು, ಮತ್ತೆ ಕೇಳಿದರು. ತಮಿಳು ಕಲಿಯುವುದೇ ಬೇಡ ಎಂದು ಹೊಸೂರಿನಲ್ಲಿ ಯಾರೂ ಹೇಳುವುದಿಲ್ಲ, ಅದಿಲ್ಲದೆ ಇಲ್ಲಿ ಕೆಲಸವಿಲ್ಲ. ತಕರಾರು ಇರುವುದು ಪಾಠ ಮಾಡುವವರನ್ನು ಕೊಡದೆ ಪರೀಕ್ಷೆ ಮಾತ್ರ ಕೊಟ್ಟರೆ ಹೇಗೆ ಎಂಬುದಕ್ಕೆ. ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಗೆ ಅಂಥದೇ ಕಾಯ್ದೆ ತಂದಿದೆ, ಆನೇಕಲ್ಲಿನ ತಮಿಳು ಮನೆಗಳ ಮಕ್ಕಳಿಗೂ ಅದು ಅನ್ವಯ ಎಂಬುದನ್ನು ಮಾವ ಸೇರಿಸಿಯೇ ಹೇಳಿದರು.

“ಶ್ಲೆಸ್‌ವಿಗ್‌ನಲ್ಲಿ ಇದನ್ನ ಒಂದು ರೀತಿ ಬಗೆಹರಿಸಿದ್ದಾರೆ,” ಎಂದಳು. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್ ಎರಡೂ ಕಡೆಯಿಂದ ಘೋಷಣೆ ಹೊರಟಿತು. ತಾನು ಡೇನ್ ಎಂದು ಹೇಳಿಕೊಂಡವನು ಡೇನ್. ಸರ್ಕಾರ ಅದನ್ನು ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತಿಲ್ಲ. ಜರ್ಮನಿಯ ಕಡೆ ಐವತ್ತು ಸಾವಿರದಷ್ಟು ಡೇನರು ತಮ್ಮ ಶಾಲೆಗಳಲ್ಲಿ ಡೇನಿಷ್ ಕಲಿತು ಜರ್ಮನ್ನನ್ನೂ ಅಷ್ಟೇ ಚೆನ್ನಾಗಿ ಕಲಿಯುತ್ತಾರೆ. ಉಳಿದ ಪಕ್ಷಗಳಿಗೆ ವಿಧಾನಸಭೆ ಹೊಕ್ಕಲು ನೂರಕ್ಕೆ ಐದು ಮತ ಬೇಕು, ಅವರ ಪಕ್ಷಕ್ಕೆ ಆ ಕಟ್ಟಳೆ ಇಲ್ಲ.

“ಎರಡೂ ಕಡೆ ಒಂದೇ ವರ್ಷ, ಒಂದೇ ಮಾತು ಅಂದ್ಯಾ? ಅದು ಗಟ್ಟಿ ಕೆಲಸ. ನಮ್ಮಲ್ಲಿ ಇವರು ಅವರನ್ನ ನೋಡ್ತಾರೆ, ಅವರು ಇವರನ್ನ ನೋಡ್ತಾರೆ.”

ಇಷ್ಟಾದರೂ ಹೊಸೂರು ಇಂದು ಹೀಗೆ ಉಬ್ಬಿರುವುದು ಗೆರೆಯ ಕೃಪೆಯಿಂದಲೇ. ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್, ಆದರೆ ತಮಿಳುನಾಡಿನ ಜಾಗ, ತಮಿಳುನಾಡಿನ ರಿಯಾಯಿತಿ. 1970ರ ದಶಕದಲ್ಲಿ ಸರ್ಕಾರಿ ನಿಗಮ ಸಿಪ್‌ಕಾಟ್ ಇಲ್ಲಿ ಕೈಗಾರಿಕಾ ಬಡಾವಣೆ ತೆರೆದದ್ದು ಈ ಲೆಕ್ಕದ ಮೇಲೆ. ಟಿವಿಎಸ್ ಮೊಪೆಡ್ ಬಂತು, ಅಶೋಕ್ ಲೇಲ್ಯಾಂಡ್ ಲಾರಿ ಬಂತು, 1980ರ ದಶಕದಲ್ಲಿ ಟೈಟನ್ ಗಡಿಯಾರ ಬಂತು. 2019ರಲ್ಲಿ ಊರು ಕಾರ್ಪೊರೇಷನ್ ಆಯಿತು. ಹೊಸೂರು 1799ರಲ್ಲಿ ಮೈಸೂರಿನಲ್ಲೇ ಉಳಿದಿದ್ದರೆ ಬಹುಶಃ ಆನೇಕಲ್ಲಿನ ಹಾಗೆ ಬೆಂಗಳೂರಿನ ಒಂದು ಮಗ್ಗುಲಾಗಿರುತ್ತಿತ್ತು.

ದಿನವೂ ದಾಟುವವರಿಗೆ ಗೆರೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅತ್ತಿಬೆಲೆಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನ ಲಾರಿ ಸಾಲು ಕರಗಿತು. ಅದಕ್ಕೆ ಹತ್ತು ತಿಂಗಳ ಹಿಂದೆ, 2016ರ ಸೆಪ್ಟೆಂಬರಿನ ಕಾವೇರಿ ಗಲಭೆಯಲ್ಲಿ, ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಆ ವಾರ ಆಚೆಯ ಬಸ್ಸು ಅತ್ತಿಬೆಲೆಯಲ್ಲಿ ನಿಂತಿತು, ಈಚೆಯ ಬಸ್ಸು ಜೂಜುವಾಡಿಯಲ್ಲಿ ನಿಂತಿತು. ನಡುವಿನ ದಾರಿಯಲ್ಲಿ ಜನ ಸೂಟ್‌ಕೇಸ್ ಎಳೆಯುತ್ತ, ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದರು. 2020ರಲ್ಲಿ ಇ-ಪಾಸ್ ಇಲ್ಲದೆ ಜೂಜುವಾಡಿ ದಾಟುವಂತಿರಲಿಲ್ಲ.

“ಅದೇ ವರ್ಷ ಮಾರ್ಚ್‌ನಲ್ಲಿ ಜರ್ಮನಿ ರೈನ್ ನದಿ ಮೇಲಿನ ನಮ್ಮ ಸೇತುವೆಯನ್ನೂ ಮುಚ್ಚಿತು. ಸ್ಟ್ರಾಸ್‌ಬರ್ಗ್‌ನಿಂದ ಆಚೆ ದಡದ ಕೇಲ್‌ಗೆ 2017ರಿಂದ ಟ್ರಾಮ್ ಇದೆ. ಟಿಕೆಟ್ ಒಂದೇ, ಆಗ ಪಾಸ್‌ಪೋರ್ಟ್ ಯಾರೂ ಕೇಳ್ತಿರಲಿಲ್ಲ. ಕೊರೊನಾ ಬಂದಾಗ ಅದು ನದಿ ದಾಟೋದನ್ನ ನಿಲ್ಲಿಸ್ತು. ಎಪ್ಪತ್ತು ವರ್ಷದ ಸ್ನೇಹ ಒಂದೇ ದಿನದಲ್ಲಿ ಬ್ಯಾರಿಕೇಡ್ ಆಯ್ತು ಅಂತ ಮುದುಕರೆಲ್ಲ ಅತ್ತರು.”

“ನಮ್ಮ ಮೆಟ್ರೊ ನೋಡು. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ತನಕ ಬಂತು. ಅಲ್ಲಿಂದ ಇಲ್ಲಿಗೆ ಎಳೆಯೋಣ ಅಂತ ಚೆನ್ನೈನವರು ವರದಿ ಮಾಡಿಸಿದ್ರು. ನಮ್ಮ ಕಡೆಯ ಸಂಘಟನೆಗಳು ಬೇಡ ಅಂದ್ವು. ಆಮೇಲೆ ಕರೆಂಟಿನ ತಕರಾರು. ಬೆಂಗಳೂರಿಂದು ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ, ಚೆನ್ನೈಯದ್ದು ಮೇಲಿನ ತಂತಿಯಲ್ಲಿ 25,000 ವೋಲ್ಟ್ ಎಸಿ.”

“‘ನಮ್ಮ ಕಡೆ’ ಅಂದ್ರೆ ಯಾವ ಕಡೆ ಮಾವ?” ಎಂದು ಅವಳು ತಡೆದಳು.

ಮಾವ ಉತ್ತರ ಕೊಡುವ ಗೋಜಿಗೆ ಹೋಗದೆ ಕ್ಯಾಲೆಂಡರ್ ಹಾಳೆಯ ಮೇಲೆ ಒಂದು ಡೊಂಕು ಗೆರೆ ಎಳೆದರು. ನಂದಿಬೆಟ್ಟದಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವದ ಕೆರೆಗಳ ಕೋಡಿಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುವ ದಕ್ಷಿಣ ಪಿನಾಕಿನಿ. ಗಡಿ ಎಂದರೆ ಕೊನೆಗೆ ಇದೇ ಎನ್ನುವುದು ಅವರ ವಾದ. ಭಾಷೆಯ ಜಗಳಕ್ಕೆ ಇಲ್ಲಿನ ಜನ ಹೇಗೋ ಹೊಂದಿಕೊಂಡಿದ್ದಾರೆ, ನೀರಿನದಕ್ಕೆ ಹೊಂದಿಕೊಳ್ಳಲು ಬರುವುದಿಲ್ಲ. 1892ರ ಫೆಬ್ರವರಿಯಲ್ಲಿ ಮದ್ರಾಸೂ ಮೈಸೂರೂ ಒಂದು ಒಪ್ಪಂದ ಮಾಡಿಕೊಂಡಿದ್ದವು. ಮೇಲಿನ ಮೈಸೂರು ಕೆಲವು ನದಿಗಳಿಗೆ ಹೊಸ ಕಟ್ಟೆ ಕಟ್ಟುವ ಮುಂಚೆ ಕೆಳಗಿನ ಮದ್ರಾಸನ್ನು ಕೇಳಬೇಕು ಎಂದು. ಕೋಲಾರದ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕರ್ನಾಟಕ ಕುಡಿಯುವ ನೀರಿನ ಕಟ್ಟೆ ಕಟ್ಟಿದಾಗ ಆ ಕಾಗದ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಮೇಲೆದ್ದಿತು. 2019ರ ನವೆಂಬರಿನಲ್ಲಿ ತಮಿಳುನಾಡು ಕೇಳಿದ ತಡೆ ಸಿಗಲಿಲ್ಲ.

“ನೀರು ನಿಲ್ಲಿಸಿದ್ರೆ ಕೋರ್ಟು ಉಂಟು. ಕೊಳಕು ಬಿಟ್ರೆ? ಮಳೆ ಬಂದಾಗಲೆಲ್ಲ ಕೆಲವರಪಳ್ಳಿಯ ಬಾಗಿಲಿಂದ ನೊರೆ ಗುಡ್ಡೆಗುಡ್ಡೆಯಾಗಿ ಬರುತ್ತೆ. ರಸ್ತೆ ಮೇಲೆ, ಹೊಲದ ಮೇಲೆ. ನೊರೆಗೆ ಯಾವ ಪಟ್ಟಾ?”

“ರೈನ್ ನದಿ ಕೆಂಪಾಗಿತ್ತು ಮಾವ. 1986ರ ನವೆಂಬರ್ 1ರಂದು...”

“ರಾಜ್ಯೋತ್ಸವದ ದಿನ!”

“ಹೂಂ. ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹೊಡೆದ ನೀರು ಕೀಟನಾಶಕ, ಬಣ್ಣ ಎಲ್ಲ ಹೊತ್ತುಕೊಂಡು ನದಿಗೆ ಇಳೀತು. ಕೆಳಗೆ ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್. ಹಾವುಮೀನು ರಾಶಿ ರಾಶಿ ಸತ್ತವು. ರೈನ್ ರಕ್ಷಣೆಗೆ ಅಂತ 1950ರಿಂದಲೇ ಒಂದು ಮಂಡಳಿ ಇತ್ತು, ಅಲ್ಲಿಯತನಕ ಅದರ ಮಾತು ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ. ಮರುವರ್ಷವೇ ಎಲ್ಲರೂ ಕೂತು ಕಾರ್ಯಕ್ರಮ ಮಾಡಿದ್ರು. 2000ದ ಹೊತ್ತಿಗೆ ಸಾಲ್ಮನ್ ಮೀನು ವಾಪಸ್ಸು ಬರಬೇಕು ಅಂತ ಗುರಿ ಇಟ್ರು. ಬಂತು. ಈಗ ದಡದುದ್ದಕ್ಕೂ ಎಚ್ಚರಿಕೆ ಠಾಣೆಗಳಿವೆ. ಮೇಲೆ ಏನಾದ್ರೂ ಸೋರಿದ್ರೆ ಕೆಳಗಿನವರಿಗೆ ಕೂಡಲೇ ಸುದ್ದಿ ಹೋಗುತ್ತೆ.”

ಸರ್ವೇಯರ್ ಪೆನ್ಸಿಲ್ ಕೆಳಗಿಡಲಿಲ್ಲ. “ಸುದ್ದಿ ಹೇಗೆ ಕಳಿಸ್ತಾರೆ? ಬಾಯಿಮಾತಲ್ಲಾ? ಫಾರಂ ಇರುತ್ತಾ?”

“ಇರುತ್ತೆ. ಯಾವ ಜಾಗ, ಎಷ್ಟು ಹೊತ್ತಿಗೆ, ಏನು ಸೇರಿತು, ಎಷ್ಟು ಸೇರಿತು...”

“ನೀನು ಹೋದ ಮೇಲೆ ಆ ಫಾರಂ ಒಂದು ಕಳಿಸು. ತರ್ಜುಮೆ ನಾನು ಮಾಡ್ತೀನಿ. ಒಂದು ಪ್ರತಿ ಬೆಂಗಳೂರಿಗೆ, ಒಂದು ಕೃಷ್ಣಗಿರಿ ಕಲೆಕ್ಟರಿಗೆ.”

“ಕನ್ನಡ, ತಮಿಳು ಎರಡಕ್ಕೂ?”

“ತೆಲುಗೂ ಸೇರಿಸು. ಕೆಲವರಪಳ್ಳಿ ಕಾಲುವೆ ನೀರು ಹಾಯಿಸೋರಲ್ಲಿ ಅವರೂ ಇದ್ದಾರಲ್ಲ.”